ಸಿಮೆಂಟ್ ಬೋರ್ಡಿನ ನೆಲ, ಮೂರು ಮಳೆಗಾಲದ ನಂತರ

2021ರ ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟಿನಲ್ಲಿ, ಒಂದು ರಾತ್ರಿ ಅತ್ತೆಯ ಮಂಚದ ಕಾಲು ನೆಲದೊಳಗೆ ಇಳಿಯಿತು. ಜಾಸ್ತಿ ಇಲ್ಲ, ಎರಡು ಇಂಚು. ಮಂಚ ಓರೆಯಾಯಿತು, ಅತ್ತೆ ಎಚ್ಚರಾಗಿ ಎದ್ದು ಕೂತರು, ಪುಣ್ಯಕ್ಕೆ ಬೀಳಲಿಲ್ಲ. ನಾವು ಓಡಿ ಹೋಗಿ ಮಂಚ ಸರಿಸಿ, ನೆಲಕ್ಕೆ ಅಂಟಿಸಿದ್ದ ವಿನೈಲ್ ಶೀಟನ್ನು ಒಂದು ಮೂಲೆಯಿಂದ ಕಿತ್ತು ಎತ್ತಿದೆವು. ಅಡಿಯ ಪ್ಲೈವುಡ್ ಕಪ್ಪಾಗಿತ್ತು. ಬೆರಳಿನಿಂದ ಒತ್ತಿದರೆ ಚಹಾದಲ್ಲಿ ನೆನೆದ ರಸ್ಕಿನ ಹಾಗೆ ಒಳಗೆ ಹೋಗುತ್ತಿತ್ತು. ಮೇಲಿನ ಶೀಟು ಮಾತ್ರ ಹೊಸದರಂತೆ ಹೊಳೆಯುತ್ತಿತ್ತು. ಆ ಮನೆ ನಿಂತು ಎರಡು ಮಳೆಗಾಲ ಸಹ ಪೂರ್ತಿ ಆಗಿರಲಿಲ್ಲ.

ಆ ನೆಲ ಕಿತ್ತು ಹಾಕಿ 2022ರ ಫೆಬ್ರವರಿಯಲ್ಲಿ 18 ಮಿ.ಮೀ. ದಪ್ಪದ ಸಿಮೆಂಟ್ ಬೋರ್ಡ್, ಅಂದರೆ ಮರದ ಚೂರನ್ನು ಸಿಮೆಂಟಿನಲ್ಲಿ ಕಲಸಿ ಒತ್ತಿದ ಹಲಗೆ, ಹಾಕಿಸಿದೆವು. 2022, 2023, 2024, ಮೂರು ಮಳೆಗಾಲ ಕಳೆಯಿತು. ನಮ್ಮ ಕಡೆ ರೆಡಿಮೇಡ್ ಮನೆ, ಪೋರ್ಟಾ ಕ್ಯಾಬಿನ್ ಮಾಡಿಸುವವರು ಈಗ ಜಾಸ್ತಿಯಾಗುತ್ತಿದ್ದಾರೆ. ಎಲ್ಲರೂ ಗೋಡೆಯ ಬಣ್ಣ, ಶೀಟಿನ ಗೇಜು, ಎ.ಸಿ. ಕೂರಿಸುವ ಜಾಗ ಕೇಳುತ್ತಾರೆ, ನೆಲದ ಅಡಿಗೆ ಏನು ಹಾಕುತ್ತೀರಿ ಎಂದು ಕೇಳುವವರು ಕಡಿಮೆ. ನಾವೂ ಕೇಳಿರಲಿಲ್ಲ. ಅದಕ್ಕೇ ಈ ಬೋರ್ಡಿನ ಬಗ್ಗೆ ನನಗೆ ಗೊತ್ತಾದದ್ದನ್ನೆಲ್ಲ ಬರೆಯುತ್ತಿದ್ದೇನೆ.

ನಾವಿರುವುದು ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಬದಿಯಡ್ಕದಿಂದ ಪೆರ್ಲದ ಕಡೆಗೆ ಹೋಗುವ ದಾರಿಯಲ್ಲಿ, ರಸ್ತೆಯಿಂದ ಒಳಗೆ. ಮೇಲೆ ಗುಡ್ಡೆ, ಕೆಳಗೆ ಅಡಿಕೆ ತೋಟ, ನಡುವೆ ಹಳೇ ಹಂಚಿನ ಮನೆ. ಹಳೇ ಮನೆ ಚೆಂದ, ಹಲಸಿನ ಹಲಗೆಯ ಮುಚ್ಚಿಗೆ ಇವತ್ತಿಗೂ ಗಟ್ಟಿ ಉಂಟು. ಆದರೆ ಜಗಲಿಗೆ ಏರುವ ಮೆಟ್ಟಿಲು ಎತ್ತರ, ಹೊಸ್ತಿಲುಗಳು ಎತ್ತರ, ಬಚ್ಚಲು ಹೊರಗೆ. ಅತ್ತೆಗೆ ಮೊಣಕಾಲು ಬಗ್ಗುವುದಿಲ್ಲ. ಜಾಗ ಇನ್ನೂ ಪಾಲಾಗಿಲ್ಲ, ಹಾಗಾಗಿ ಕೆಂಪುಕಲ್ಲಿನಲ್ಲಿ ಪಕ್ಕಾ ಮನೆ ಕಟ್ಟಲು ಮನಸ್ಸು ಬರಲಿಲ್ಲ. ಅಂಗಳದ ಬದಿಗೆ 24 ಅಡಿ ಉದ್ದ, 12 ಅಡಿ ಅಗಲದ ಒಂದು ರೆಡಿಮೇಡ್ ಮನೆ ಮಾಡಿಸಿದೆವು, ಬೇಕೆಂದಾಗ ಬಿಚ್ಚಿ ಇನ್ನೊಂದು ಕಡೆ ಜೋಡಿಸಬಹುದು ಎಂಬ ಲೆಕ್ಕದಲ್ಲಿ. ಗಡಿಯಾಚೆಯ ಒಂದು ವರ್ಕ್‌ಶಾಪಿನವರು 2019ರ ಡಿಸೆಂಬರಿನಲ್ಲಿ ತುಂಡು ತುಂಡಾಗಿ ತಂದು ನಾಲ್ಕು ದಿನದಲ್ಲಿ ನಿಲ್ಲಿಸಿಕೊಟ್ಟರು. ನೋಡಲು ತುಂಬ ಅಂದವಾಗಿತ್ತು.

ನೆಲಕ್ಕೆ ಏನು ಹಾಕಿದ್ದೀರಿ ಎಂದು ನನ್ನ ಗಂಡ ಒಮ್ಮೆ ಕೇಳಿದ್ದರು. "ವಾಟರ್‌ಪ್ರೂಫ್ ಪ್ಲೈ ಸಾರ್, ಹದಿನೆಂಟು ಎಂ.ಎಂ., ಆನೆ ನಿಂತರೂ ಏನಾಗುವುದಿಲ್ಲ" ಅಂದಿದ್ದರು. ಕಿತ್ತ ಮೇಲೆ ಹಲಗೆಯ ಅಡಿಯಲ್ಲಿ ಮುದ್ರೆ ನೋಡಿದರೆ ಎಂ.ಆರ್. ಗ್ರೇಡು. ಎಂ.ಆರ್. ಅಂದರೆ ಗಾಳಿಯ ತೇವವನ್ನು ಸ್ವಲ್ಪ ತಾಳಿಕೊಳ್ಳುತ್ತದೆ ಎಂದಷ್ಟೇ ಅರ್ಥ, ವಾಟರ್‌ಪ್ರೂಫ್ ಎಂದಲ್ಲ. ಮನೆಯೊಳಗಿನ ಕಪಾಟು, ಮೇಜು ಮಾಡಲಿಕ್ಕೆ ಅದು ಸರಿ. ಫೋನ್ ಮಾಡಿದರೆ ಮೊದಲು ಲಾಕ್‌ಡೌನ್ ಅಂದರು, ಅದು ನಿಜವೂ ಹೌದು, 2020ರ ಮಾರ್ಚಿನಲ್ಲಿ ಗಡಿಯ ರಸ್ತೆಗಳಿಗೆ ಮಣ್ಣು ಹಾಕಿ ಮುಚ್ಚಿದ್ದು ನಮಗೆ ಯಾರಿಗೂ ಮರೆತುಹೋಗುವಂಥದ್ದಲ್ಲ. ಆದರೆ ಅಷ್ಟರಲ್ಲಿ ಆ ರಸ್ತೆ ತೆರೆದು ತಿಂಗಳುಗಳೇ ಕಳೆದಿದ್ದವು, ಆದರೂ ಬರಲಿಲ್ಲ. ಕೊನೆಗೆ "ನೀವು ನೆಲ ಒರೆಸುವಾಗ ನೀರು ಜಾಸ್ತಿ ಹಾಕಿದ್ದೀರಿ ಟೀಚರೇ" ಅಂದರು. ಅದು ನನಗೆ ತುಂಬ ಬೇಸರವಾಯಿತು. ಮನೆ ಅಂದ ಮೇಲೆ ನೆಲ ಒರೆಸದೆ ಇರುತ್ತಾರಾ?

ನಿಜವಾಗಿ ಹೆಚ್ಚಿನ ಕಡೆ ನೀರು ಮೇಲಿನಿಂದ ಬಂದಿರಲೇ ಇಲ್ಲ. ಇದನ್ನು ಅರ್ಥ ಮಾಡಿಕೊಳ್ಳಲು ನಮಗೆ ಸಮಯ ಹಿಡಿಯಿತು. ಕಿತ್ತ ಪ್ಲೈಯನ್ನು ಅಂಗಳದಲ್ಲಿ ಒಣಗಲು ಹಾಕಿ ನೋಡಿದಾಗ ಬಚ್ಚಲ ಬಾಗಿಲ ಹತ್ತಿರದ ಎರಡು ಹಲಗೆ ಬಿಟ್ಟರೆ ಉಳಿದೆಲ್ಲವೂ ಅಡಿಯಿಂದ ಕೊಳೆತಿದ್ದವು. ಹೆಚ್ಚಿನ ಕಡೆ ಮೇಲಿನ ಪದರ ಇನ್ನೂ ಬಿಳಿ, ಅಡಿಯ ಪದರ ಬೂಷ್ಟು ಹಿಡಿದು ಕಪ್ಪು. ಕಾರಣ ನಮ್ಮದೇ ಒಂದು ಕೆಲಸ. ಮನೆಯನ್ನು ಒಂದೂವರೆ ಅಡಿ ಎತ್ತರದ ಕಲ್ಲಿನ ಕಂಬಗಳ ಮೇಲೆ ಕೂರಿಸಿದ್ದರು. ಅಡಿಯಲ್ಲಿ ನಾಯಿ, ಹಾವು ಸೇರುತ್ತವೆ ಎಂದು ನಾವು ಸುತ್ತ ಕೆಂಪುಕಲ್ಲು ಕಟ್ಟಿ ಪೂರ್ತಿ ಮುಚ್ಚಿಸಿದ್ದೆವು, ಒಂದು ಕಿಂಡಿ ಸಹ ಇಡದೆ. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ, ಅದರಲ್ಲಿ ಹೆಚ್ಚಿನ ಪಾಲು ಜೂನಿನಿಂದ ಸೆಪ್ಟೆಂಬರಿನ ಒಳಗೆ. ಗುಡ್ಡೆಯ ಬುಡದಲ್ಲಿ ಮಳೆಗಾಲ ಬಂತೆಂದರೆ ಮಣ್ಣೊಳಗಿಂದಲೇ ಒಸರು ಏಳುತ್ತದೆ. ಗುಡ್ಡೆ ಕೊರೆದು ಸುರಂಗ ಮಾಡಿ ನೀರು ತೆಗೆಯುವ ಊರು ನಮ್ಮದು, ಅಂದ ಮೇಲೆ ಗುಡ್ಡೆಯ ಹೊಟ್ಟೆಯಲ್ಲಿ ಎಷ್ಟು ನೀರಿರುತ್ತದೆ ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆ ಹಬೆ ಹೊರಗೆ ಹೋಗಲು ದಾರಿ ಇಲ್ಲ. ರಾತ್ರಿ ಕಬ್ಬಿಣದ ಪೈಪು ತಣ್ಣಗಾದಾಗ ಅದರ ಮೇಲೆ ಹನಿ ಕಟ್ಟುತ್ತದೆ. ಹನಿ ಪ್ಲೈಗೆ ಹೋಗುತ್ತದೆ. ಮೇಲೆ ವಿನೈಲ್ ಶೀಟು ಮೂಲೆಯಿಂದ ಮೂಲೆಗೆ ಗಮ್ಮಿನಲ್ಲಿ ಅಂಟಿಸಿದೆ, ಆ ಕಡೆಯಿಂದಲೂ ಒಣಗಲು ದಾರಿ ಇಲ್ಲ. ಎರಡು ಕಡೆ ಮುಚ್ಚಿದ ಮರ ಕೊಳೆಯದೆ ಏನು ಮಾಡುತ್ತದೆ ಹೇಳಿ.

ನನ್ನ ಮೈದುನ ಅಬುಧಾಬಿಯಲ್ಲಿ ಹತ್ತು ವರ್ಷ ಇಂಥದೇ ಕ್ಯಾಬಿನ್ನಿನಲ್ಲಿ ಇದ್ದವ. ಅಲ್ಲಿ ಇದೇ ಪ್ಲೈ, ಇದೇ ಶೀಟು, ಏನೂ ಆಗಿರಲಿಲ್ಲವಂತೆ. ಆಗುವುದಾದರೂ ಹೇಗೆ, ಅಲ್ಲಿ ಮಣ್ಣು ಒಣಗಿಯೇ ಇರುತ್ತದಲ್ವಾ. ಆ ಊರಿನ ಲೆಕ್ಕವನ್ನು ತಂದು ನಮ್ಮ ಗುಡ್ಡೆಯ ಬುಡಕ್ಕೆ ಇಟ್ಟರೆ ಹೊಂದುವುದಿಲ್ಲ.

ಫ್ಯಾಕ್ಟರಿಯಲ್ಲೇ ಇಡೀ ಮನೆ ಮಾಡಿ, ಅಡಿಗೆ ಉಕ್ಕಿನ ಚಾಸಿ ಕೊಟ್ಟು, ರಸ್ತೆಯಲ್ಲಿ ಎಳೆದು ತಂದು ನಿಲ್ಲಿಸುವ ಪದ್ಧತಿ ಅಮೆರಿಕದಲ್ಲಿ ಹಳೆಯದು. 1976ರ ಜೂನ್ 15ರಿಂದ ಅದಕ್ಕೆ ಅಲ್ಲಿ ಇಡೀ ದೇಶಕ್ಕೆ ಒಂದೇ ನಿಯಮ ಇದೆ. ಅಲ್ಲಿಯೂ ಹಳೇ ಮನೆಗಳ ದೊಡ್ಡ ತೊಂದರೆ ಇದೇ. ಆಗೆಲ್ಲ ನೆಲಕ್ಕೆ ಪಾರ್ಟಿಕಲ್ ಬೋರ್ಡ್, ಅಂದರೆ ಮರದ ಪುಡಿಗೆ ಗೋಂದು ಕಲಸಿ ಒತ್ತಿದ ಹಲಗೆ, ಹಾಕುತ್ತಿದ್ದರು. ನಲ್ಲಿ ಸೋರಿದಲ್ಲಿ, ಬಾತ್‌ರೂಮಿನ ಬದಿಯಲ್ಲಿ ಅದು ಉಬ್ಬಿ ಪುಡಿಯಾಗುತ್ತಿತ್ತು. ಈಗ ಆ ಜಾಗಕ್ಕೆ ಮುಕ್ಕಾಲು ಇಂಚಿನ ಪ್ಲೈವುಡ್ ಅಥವಾ ಮರದ ಚಕ್ಕೆಗಳನ್ನು ಗೋಂದಿನಲ್ಲಿ ಒತ್ತಿ ಮಾಡಿದ ಒ.ಎಸ್.ಬಿ. ಎಂಬ ಬೋರ್ಡ್ ಹಾಕುತ್ತಾರೆ. ನಾನು ವಿಚಾರಿಸಿದ ಅಂಗಡಿಗಳಲ್ಲಿ ಒ.ಎಸ್.ಬಿ. ಸಿಗಲಿಲ್ಲ, ಸಿಕ್ಕಿದ್ದರೂ ನಮ್ಮ ಮಳೆಗೆ ಅದನ್ನು ಹಾಕುತ್ತಿರಲಿಲ್ಲ ಅನ್ನಿ.

ಸರಿ, ಏನು ಹಾಕುವುದು? ನಾನು ಶಾಲೆಯಲ್ಲಿ ವಿಜ್ಞಾನ ಹೇಳುವವಳು, ಕಣ್ಣಾರೆ ನೋಡದೆ ಇನ್ನೊಮ್ಮೆ ನಂಬಲು ಮನಸ್ಸಾಗಲಿಲ್ಲ. ಕಾಸರಗೋಡಿನ ಎರಡು ಅಂಗಡಿಗಳಿಂದ ತುಂಡುಗಳನ್ನು ಕೇಳಿ ತಂದೆ. ಎಂ.ಆರ್. ಪ್ಲೈ, ಮೆರೈನ್ ಪ್ಲೈ, ಪಾರ್ಟಿಕಲ್ ಬೋರ್ಡ್, ಸಿಮೆಂಟ್ ಬೋರ್ಡ್, ಅಂಗೈ ಅಗಲದ ನಾಲ್ಕು ತುಂಡು. ಶಾಲೆಯ ವರ್ನಿಯರ್ ಕ್ಯಾಲಿಪರಿನಲ್ಲಿ ದಪ್ಪ ಅಳೆದು ಬರೆದಿಟ್ಟು, ಬಕೆಟ್ ನೀರಿನಲ್ಲಿ ಒಂದು ವಾರ ಮುಳುಗಿಸಿಟ್ಟೆ, ತೇಲದ ಹಾಗೆ ಮೇಲೆ ಒಂದು ಕಲ್ಲು. ಪಾರ್ಟಿಕಲ್ ಬೋರ್ಡ್ ಎರಡನೇ ದಿನಕ್ಕೇ ನೆನೆದ ಅವಲಕ್ಕಿಯಂತಾಯಿತು, ಅದನ್ನು ಅಳೆಯುವ ಹಾಗೇ ಇರಲಿಲ್ಲ. ಎಂ.ಆರ್. ಪ್ಲೈ ಒಂದು ಮಿ.ಮೀ.ಗಿಂತ ಜಾಸ್ತಿ ಉಬ್ಬಿ ಅಂಚಿನಲ್ಲಿ ಪದರ ಬಿಟ್ಟಿತು. ಮೆರೈನ್ ಪ್ಲೈ ಸ್ವಲ್ಪ ಉಬ್ಬಿತು, ಪದರ ಬಿಡಲಿಲ್ಲ. ಸಿಮೆಂಟ್ ಬೋರ್ಡಿನಲ್ಲಿ ಅರ್ಧ ಮಿ.ಮೀ. ವ್ಯತ್ಯಾಸ ಸಹ ಕಾಣಲಿಲ್ಲ. ನಮ್ಮ ಎಂಟನೇ ಕ್ಲಾಸಿನ ಮಕ್ಕಳು ಬಂದು ಬಂದು ನೋಡುತ್ತಿದ್ದರು.

ಮೆರೈನ್ ಪ್ಲೈಗೆ ನಾನು ಅನ್ಯಾಯ ಮಾಡುವುದಿಲ್ಲ. ಅದರ ಮೇಲೆ ಐ.ಎಸ್. 710 ಎಂಬ ಭಾರತೀಯ ಮಾನಕದ ಮುದ್ರೆ ಇರಬೇಕು. ಎಂ.ಆರ್. ಪ್ಲೈಯನ್ನು 60 ಡಿಗ್ರಿ ಬಿಸಿನೀರಲ್ಲಿ ಮೂರು ಗಂಟೆ ಇಟ್ಟು ಪರೀಕ್ಷೆ ಮಾಡಿದರೆ, ಮೆರೈನ್ ಪ್ಲೈಯನ್ನು 72 ಗಂಟೆ ಕುದಿಸಿ ನೋಡುತ್ತಾರೆ. ನಡುವೆ ಬಿ.ಡಬ್ಲ್ಯು.ಆರ್. ಎಂದು ಒಂದು ಗ್ರೇಡು ಉಂಟು, ಅದಕ್ಕೆ ಎಂಟು ಗಂಟೆ ಕುದಿ. ವ್ಯತ್ಯಾಸ ಎಷ್ಟು ದೊಡ್ಡದು ನೋಡಿ. ಅಂಗಡಿಯಲ್ಲಿ ಮೂರಕ್ಕೂ "ವಾಟರ್‌ಪ್ರೂಫ್" ಎಂದೇ ಹೇಳುತ್ತಾರೆ, ಅದಕ್ಕೆ ಬಾಯಿಮಾತು ಬೇಡ, ಹಲಗೆ ತಿರುಗಿಸಿ ಮುದ್ರೆ ಓದಿ. ಆದರೆ ಆ ಪರೀಕ್ಷೆ ಮುಖ್ಯವಾಗಿ ನೋಡುವುದು ಗೋಂದನ್ನು. ಪದರ ಬಿಡದಿದ್ದರೂ ಒಳಗಿರುವುದು ಮರವೇ ತಾನೇ, ತಿಂಗಳುಗಟ್ಟಲೆ ತೇವದಲ್ಲೇ ಇದ್ದರೆ ಬೂಷ್ಟು ಹಿಡಿಯುವುದು, ಒರಲೆ (ಗೆದ್ದಲು) ಬರುವುದು ಇದ್ದದ್ದೇ. ಮೆರೈನ್ ಪ್ಲೈಗೆ ಮದ್ದು ಹಾಕಿರುತ್ತಾರೆ ನಿಜ, ಕೊಯ್ದ ಅಂಚಿಗೆ ಮಾತ್ರ ನಾವೇ ಮತ್ತೆ ಬಳಿಯಬೇಕು. ಹಡಗಿನ ಕಂಟೇನರುಗಳ ನೆಲಕ್ಕೆ 28 ಮಿ.ಮೀ. ಪ್ಲೈ ಹಾಕುವುದು ವಾಡಿಕೆ, ಅದು ಬಹಳ ಗಟ್ಟಿ. ಹಳೇ ಕಂಟೇನರ್ ತಂದು ಮನೆ ಮಾಡುವವರು ಒಂದು ಗಮನಿಸಿ: ಆ ಪ್ಲೈಗೆ ಕೀಟನಾಶಕ ಕುಡಿಸಿರುತ್ತಾರೆ. ಮಕ್ಕಳು ಮಲಗುವ ಕೋಣೆಯಾದರೆ ಅದನ್ನು ಹಾಗೇ ಬಿಡಬೇಡಿ.

ಡೆಕ್ ಶೀಟ್, ಅಂದರೆ ಮಡಿಕೆ ಮಡಿಕೆಯಾದ ಉಕ್ಕಿನ ತಗಡು, ಹಾಸಿ ಅದರ ಮೇಲೆ ಕಾಂಕ್ರೀಟ್ ಸುರಿಯುವುದು ಇನ್ನೊಂದು ದಾರಿ. ಗಟ್ಟಿಯಲ್ಲಿ ಅದನ್ನು ಮೀರಿದ್ದಿಲ್ಲ. ಬಿಚ್ಚಿ ಒಯ್ಯಲು ಆಗುವುದಿಲ್ಲ ಎಂಬ ಒಂದೇ ಕಾರಣಕ್ಕೆ ನಾವು ಬಿಟ್ಟೆವು. ಫೈಬರ್ ಸಿಮೆಂಟ್ ಬೋರ್ಡ್ ಸಹ ನೋಡಿದೆವು, ಸೀಲಿಂಗಿಗೆ, ಪಾರ್ಟಿಶನ್ನಿಗೆ ಹಾಕುವ ಆರು ಎಂಟು ಮಿ.ಮೀ.ಯದ್ದೇ ಕೈಗೆ ಸಿಕ್ಕಿತು. ತೆಳುವಾದದ್ದನ್ನು ನೆಲಕ್ಕೆ ಹಾಕಲೇಬಾರದು.

ಈಗ ಸಿಮೆಂಟ್ ಬೋರ್ಡಿನ ವಿಷಯ. ಮರದ ಚೂರು ಮತ್ತು ಸಿಮೆಂಟ್ ಕಲಸಿ ಒತ್ತಿ ಮಾಡುವ ಹಲಗೆ ಇದು, ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಸಿಮೆಂಟೇ. ನಮ್ಮ ಕಡೆ ಬೈಸನ್ ಬೋರ್ಡ್ ಎಂದೇ ಕೇಳುತ್ತಾರೆ. ಅದು ಒಂದು ಬ್ರ್ಯಾಂಡಿನ ಹೆಸರು, ಈಗ ಇಂಥ ಹಲಗೆಗೆಲ್ಲ ಅದೇ ಹೆಸರಾಗಿದೆ. ಇದರ ಮುದ್ರೆ ಐ.ಎಸ್. 14276. 24 ಗಂಟೆ ನೀರಲ್ಲಿಟ್ಟರೂ ಉಬ್ಬುವುದು ಶೇ. 2ರ ಒಳಗೆ. ಒರಲೆ ಇದನ್ನು ತಿನ್ನುವುದಿಲ್ಲ. ಬೆಂಕಿಗೆ ಸುಲಭದಲ್ಲಿ ಹಿಡಿಯುವುದಿಲ್ಲ. ಅತ್ತೆ ಸಂಜೆ ದೀಪ ಹಚ್ಚಿಟ್ಟು ಭಜನೆ ಮಾಡುವವರು, ನನಗೆ ಇದೂ ಒಂದು ಸಮಾಧಾನ. ಬೆಲೆ ನಾವು ತಂದಾಗ ಮೆರೈನ್ ಪ್ಲೈಗಿಂತ ಕಡಿಮೆ ಇತ್ತು.

ತೂಕ ಮಾತ್ರ ಭಯಂಕರ. ಎಂಟಡಿ ನಾಲ್ಕಡಿಯ 18 ಮಿ.ಮೀ. ಹಲಗೆ ಒಂದಕ್ಕೆ ಸುಮಾರು 67 ಕಿಲೋ. ಅದೇ ಅಳತೆಯ ಪ್ಲೈ 35 ಕಿಲೋ ಇರಬಹುದು. ಇಬ್ಬರು ಎತ್ತಲು ಹೋಗಬೇಡಿ. ಅಡ್ಡಡ್ಡ ಹಿಡಿದು, ಚಾಪೆ ಒಯ್ಯುವ ಹಾಗೆ, ಒಯ್ಯಲೇಬೇಡಿ, ನಡುವೆ ಮುರಿಯುತ್ತದೆ. ಬದಿಯ ಮೇಲೆ ನಿಲ್ಲಿಸಿ, ನಾಲ್ಕು ಜನ ಸೇರಿ ಒಯ್ಯಬೇಕು. ನಮ್ಮದು ಲೆಕ್ಕಕ್ಕೆ ಸರಿಯಾಗಿ ಒಂಬತ್ತು ಹಲಗೆ, ಹತ್ತು ತರಿಸಿದ್ದೆವು. ಪಿಕಪ್ಪಿನಿಂದ ಇಳಿಸುವಾಗ ಒಂದರ ಮೂಲೆ ಕಲ್ಲಿಗೆ ತಾಗಿ ಬಿಸ್ಕತ್ತಿನ ಹಾಗೆ ಹೋಯಿತು. ಅಂಗಡಿಯವರು ಬದಲಿ ಕೊಡಲಿಲ್ಲ, ಇಳಿಸಿದ್ದು ನಿಮ್ಮ ಜನ ಅಂದರು. ಅದು ನ್ಯಾಯವೇ. ಹತ್ತನೆಯದು ಇದ್ದದ್ದಕ್ಕೆ ಕೆಲಸ ನಿಲ್ಲಲಿಲ್ಲ.

ಹಾಕಿದ ಕ್ರಮ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಬೋರ್ಡ್ ಒಳ್ಳೆಯದಾದರೂ ಹಾಕುವುದು ತಪ್ಪಿದರೆ ಇದೂ ಕೈಕೊಡುತ್ತದೆ.

ಮೊದಲು ಸುತ್ತಲಿನ ಕೆಂಪುಕಲ್ಲನ್ನು ಒಡೆಸಿ ತೆಗೆದೆವು. ಮನೆಯಡಿಯ ಮಣ್ಣನ್ನು ಕೆರೆದು, ಗುಡ್ಡೆಯ ಕಡೆಯಿಂದ ತೋಟದ ಕಡೆಗೆ ಇಳಿಜಾರು ಮಾಡಿ, ಮೇಲೆ ದಪ್ಪ ತಾರ್ಪಾಲು ಹಾಸಿ ಅದರ ಮೇಲೆ ಜಲ್ಲಿ ಹಾಕಿದೆವು. ಗುಡ್ಡೆಯ ಬದಿಗೆ ಒಂದು ಕಣಿ ತೋಡಿ ನೀರನ್ನು ತೋಟಕ್ಕೆ ತಿರುಗಿಸಿದೆವು. ಸುತ್ತ ಈಗ ಬರೀ ತಂತಿ ಬಲೆ, ಗಾಳಿ ಈ ಕಡೆ ಬಂದು ಆ ಕಡೆ ಹೋಗುತ್ತದೆ. ಕಲ್ಲಿನ ಕಂಬಗಳ ತಲೆಗೆ ತಗಡಿನ ಟೊಪ್ಪಿ ಹಾಕಿಸಿದೆವು, ಅಂಚು ಎಲ್ಲ ಕಡೆ ಹೊರಗೆ ಚಾಚಿ ಕೆಳಗೆ ಬಾಗಿರುವ ಹಾಗೆ. ಒರಲೆ ಮಣ್ಣಿನ ದಾರಿ ಕಟ್ಟಿಕೊಂಡು ಕಂಬ ಹತ್ತಿದರೂ ಆ ಅಂಚು ದಾಟುವಾಗ ಹೊರಗೆ ಕಾಣಿಸಲೇಬೇಕು, ಕಂಡಾಗ ಕೆರೆದು ತೆಗೆಯಬಹುದು. ಬೋರ್ಡನ್ನು ಒರಲೆ ತಿನ್ನದಿದ್ದರೂ ಬಾಗಿಲ ದಾರಂದ, ಕಿಟಕಿ ಮರದವು, ಅವಕ್ಕೆ ಹೋಗುತ್ತದಲ್ಲ.

ಆಮೇಲೆ ಅಡಿಯ ಚೌಕಟ್ಟು. ಹಳೆಯದರಲ್ಲಿ ಅಡ್ಡ ಪೈಪುಗಳ ನಡುವೆ ಎರಡಡಿ ಅಂತರ ಇತ್ತು. ಪ್ಲೈ ಹೊಸದಿದ್ದಾಗಲೂ ಅದರ ಮೇಲೆ ನಡೆದರೆ ಡಬ್ ಡಬ್ ಸದ್ದು, ಸ್ವಲ್ಪ ಕುಣಿತ. ಅತ್ತೆ ಮೊದಲ ದಿನವೇ "ಇದೆಂಥ ಮಗಳೇ, ನೆಲ ಉಸಿರು ಬಿಡ್ತದೆ" ಅಂದಿದ್ದರು, ನಾವು ಕಿವಿಗೆ ಹಾಕಿಕೊಳ್ಳಲಿಲ್ಲ. 18 ಮಿ.ಮೀ. ಹಲಗೆಗೆ ಎರಡಡಿ ಜಾಸ್ತಿಯಾಯಿತು, 16 ಇಂಚಿನ ಒಳಗೆ ಇದ್ದರೆ ಒಳ್ಳೆಯದು. ನಮ್ಮಲ್ಲಿ ಚೌಕಟ್ಟು ಪೂರ್ತಿ ಬದಲಿಸುವ ಬದಲು ಎರಡು ಪೈಪಿನ ನಡುವೆ ಒಂದೊಂದು ಹೊಸ ಪೈಪು ಸೇರಿಸಿದೆವು. 24 ಅಡಿಗೆ 12 ಪೈಪು ಬೇಕಾಯಿತು, ಈಗ ಒಂದೊಂದು ಅಡಿಗೆ ಒಂದೊಂದು. ಹಲಗೆಯ ಉದ್ದದ ಅಂಚು ಬರುವ ಎರಡು ಗೆರೆಗಳಲ್ಲಿ, ಅಂದರೆ ನಾಲ್ಕನೇ ಅಡಿ ಮತ್ತು ಎಂಟನೇ ಅಡಿಯಲ್ಲಿ, ಪೈಪಿನಿಂದ ಪೈಪಿಗೆ ತುಂಡು ಪೈಪು ಕೊಟ್ಟೆವು. ಯಾವ ಅಂಚೂ ಗಾಳಿಯಲ್ಲಿ ನಿಲ್ಲಬಾರದು. ಈ ಬೋರ್ಡಿನ ದುರ್ಬಲ ಜಾಗ ಎಂದರೆ ಅಂಚು ಮತ್ತು ಮೂಲೆ.

ಹಳೇ ಪೈಪಿಗೆ ಬರೀ ರೆಡ್ ಆಕ್ಸೈಡ್ ಬಳಿದಿದ್ದರು, ಅಡಿಭಾಗ ತುಕ್ಕು ಹಿಡಿದು ಹಪ್ಪಳ ಏಳುತ್ತಿತ್ತು. ಹೊಸದಕ್ಕೆ ಸತುವಿನ ಲೇಪ ಇರುವ ಜಿ.ಐ. ಪೈಪು ತಂದೆವು. ವೆಲ್ಡಿಂಗ್ ಮಾಡಿದಲ್ಲಿ ಸತುವಿನ ಲೇಪ ಸುಟ್ಟು ಹೋಗುತ್ತದೆ, ಆ ಜಾಗಕ್ಕೆ ಝಿಂಕ್ ಪೇಂಟ್ ಬಳಿಯಲೇಬೇಕು. ವೆಲ್ಡಿಂಗಿನ ಹುಡುಗ "ಅದೆಲ್ಲ ಬೇಡ ಟೀಚರೇ, ಯಾರಿಗೆ ಕಾಣ್ತದೆ" ಅಂದ. ಕಾಣದ ಜಾಗ ಹಾಳಾದದ್ದಕ್ಕೇ ಅಲ್ವಾ ಮಾರಾಯ ನಿನ್ನನ್ನು ಕರೆಸಿದ್ದು ಎಂದೆ. ಆಮೇಲೆ ಅವನೇ ಅಡಿಗೆ ನುಗ್ಗಿ ಒಂದೊಂದು ಜಾಯಿಂಟನ್ನೂ ಬಳಿದ. ತುಂಬ ಶ್ರದ್ಧೆಯ ಹುಡುಗ.

ಪೈಪಿನ ಮೇಲೆ ಮೂರು ಮಿ.ಮೀ. ರಬ್ಬರಿನ ಪಟ್ಟಿ ಅಂಟಿಸಿ ಅದರ ಮೇಲೆ ಬೋರ್ಡ್ ಕೂರಿಸಿದೆವು. ಇದು ನಮ್ಮ ಆಚಾರಿಯವರ ಉಪಾಯ. ಹಲಗೆ ಮತ್ತು ಕಬ್ಬಿಣ ತಿಕ್ಕಿ ಕಿರ್ ಕಿರ್ ಅನ್ನುವುದು ಇದರಿಂದ ಇಲ್ಲವಾಯಿತು, ಪೈಪಿನ ಮೇಲೆ ಕಟ್ಟುವ ಹನಿಯೂ ನೇರ ತಾಗುವುದಿಲ್ಲ. ನಡುವಿನ ಸಾಲನ್ನು ಅರ್ಧ ಹಲಗೆಯಿಂದ ಶುರು ಮಾಡಿದರು, ಇಟ್ಟಿಗೆ ಕಟ್ಟುವ ಹಾಗೆ, ನಾಲ್ಕು ಮೂಲೆ ಒಂದೇ ಕಡೆ ಸೇರದಿರಲಿ ಎಂದು. ಹಲಗೆ ಹಲಗೆಯ ನಡುವೆ ಮೂರು ಮಿ.ಮೀ. ಸಂದು. ಇದನ್ನು ಬಿಡಲೇಬೇಕು, ಯಾಕೆಂದರೆ ದಪ್ಪದಲ್ಲಿ ಉಬ್ಬದಿದ್ದರೂ ಉದ್ದದಲ್ಲಿ ಈ ಬೋರ್ಡ್ ಮಳೆಗಾಲಕ್ಕೆ ಸ್ವಲ್ಪ ಹಿಗ್ಗುತ್ತದೆ, ಬೇಸಗೆಗೆ ಕುಗ್ಗುತ್ತದೆ. ಒತ್ತಿ ಒತ್ತಿ ಜೋಡಿಸಿದರೆ ಒಂದು ಕಡೆ ಎದ್ದು ನಿಲ್ಲುತ್ತದೆ ಅಥವಾ ಬಿರಿಯುತ್ತದೆ. ಸಂದಿಗೆ ರಬ್ಬರಿನ ಹಾಗೆ ಹಿಗ್ಗಿ ಕುಗ್ಗುವ ಪಿ.ಯು. ಸೀಲೆಂಟ್ ತುಂಬಿಸಿದೆವು. ಸಿಮೆಂಟ್ ತುಂಬಿಸಬೇಡಿ, ಒಂದೇ ವರ್ಷಕ್ಕೆ ಉದುರುತ್ತದೆ ಎಂದು ಆಚಾರಿಯವರು ಮೊದಲೇ ಹೇಳಿದ್ದರು. ತಂದ ದಿನವೇ ಹಾಕಲಿಲ್ಲ, ಅದೇ ಕೋಣೆಯಲ್ಲಿ ಒಂದು ವಾರ ಮಲಗಿಸಿಟ್ಟಿದ್ದೆವು, ಆ ಜಾಗದ ಹವೆಗೆ ಹೊಂದಿಕೊಳ್ಳಲಿ ಎಂದು.

ಸ್ಕ್ರೂ ಹಾಕುವಾಗ ಅವಸರ ಮಾಡಿದ ಒಂದು ಕಡೆ ಅಂಚು ಒಡೆಯಿತು. ಮೊದಲು ಡ್ರಿಲ್ಲಿನಲ್ಲಿ ತೂತು ಮಾಡಿ, ಸ್ಕ್ರೂವಿನ ತಲೆ ಕೂರಲು ಸ್ವಲ್ಪ ಗುಳಿ ತೆಗೆದು, ಅಂಚಿನಿಂದ ಒಂದು ಇಂಚು ಒಳಗೆ ಹಾಕಬೇಕು. ಒಮ್ಮೆ ಹಾಕಿ ತೆಗೆದ ತೂತಿನಲ್ಲಿ ಅದೇ ಸ್ಕ್ರೂ ಮತ್ತೆ ಹಿಡಿಯುವುದಿಲ್ಲ, ಪಕ್ಕದಲ್ಲಿ ಹೊಸದು ಮಾಡಬೇಕು. ಕೊಯ್ಯುವಾಗ ಏಳುವ ಧೂಳು ಸಿಮೆಂಟಿನ ಧೂಳು, ಗಂಟಲಿಗೆ, ಶ್ವಾಸಕ್ಕೆ ತುಂಬ ಕೆಟ್ಟದ್ದು. ಹೊರಗೆ ಅಂಗಳದಲ್ಲಿ ಕೊಯ್ಯಿಸಿ, ಕೆಲಸದವರಿಗೆ ಒಳ್ಳೆಯ ಮಾಸ್ಕ್ ನೀವೇ ತಂದು ಕೊಡಿ, ಅವರು ಕೇಳುವುದಿಲ್ಲ.

ಬಚ್ಚಲನ್ನು ಮನೆಯ ಒಳಗಿಂದಲೇ ತೆಗೆದುಬಿಟ್ಟೆವು. ಇದು ನನ್ನ ಪ್ರಕಾರ ನಾವು ಮಾಡಿದ ಅತ್ಯಂತ ಒಳ್ಳೆಯ ಕೆಲಸ. ಮನೆಗೆ ತಾಗಿ ನೆಲದಿಂದಲೇ ಕಲ್ಲು ಕಟ್ಟಿ ಕಾಂಕ್ರೀಟ್ ಹಾಕಿ, ಒಳಗಿನ ನೆಲಕ್ಕಿಂತ ಒಂದು ಇಂಚು ಮಾತ್ರ ತಗ್ಗಿಸಿ ಬಚ್ಚಲು ಮಾಡಿದ್ದೇವೆ. ಅತ್ತೆಗೆ ದಾಟಲು ಕಷ್ಟವಿಲ್ಲ, ಬದಿಗೆ ಹಿಡಿಯಲು ಕಬ್ಬಿಣದ ಹಿಡಿ ಉಂಟು. ಸಿಮೆಂಟ್ ಬೋರ್ಡ್ ನೀರು ತಾಳುತ್ತದೆ, ಆದರೆ ನೀರನ್ನು ತಡೆಯುವುದಿಲ್ಲ, ಸಂದಿನಿಂದ, ಸ್ಕ್ರೂ ತೂತಿನಿಂದ ಕೆಳಗೆ ಇಳಿದೇ ಇಳಿಯುತ್ತದೆ. ದಿನಾ ನೀರು ಸುರಿಯುವ ಜಾಗವನ್ನು ಯಾವ ಬೋರ್ಡಿನ ಮೇಲೂ ಇಡಬೇಡಿ.

ಮೂರು ಮಳೆಗಾಲದ ನಂತರ ಹೇಗಿದೆ ಅಂದರೆ, ನೆಲ ಅಲುಗಿಲ್ಲ. ಕಬ್ಬಿಣದ ಕಪಾಟು, ಮಂಚ, ಹೊಲಿಗೆ ಮಿಷನ್ ಎಲ್ಲ ಇವೆ. ಕಳೆದ ವರ್ಷ ಹಳೇ ಮನೆಯ ಅಟ್ಟ ಸೋರಿದಾಗ ಏಳೆಂಟು ಗೋಣಿ ಅಡಿಕೆಯನ್ನು ಇಲ್ಲಿ ಒಂದು ಮೂಲೆಗೆ ಒಟ್ಟಿ ತಿಂಗಳು ಇಟ್ಟಿದ್ದೆವು, ಏನೂ ಆಗಲಿಲ್ಲ. ಬೂಷ್ಟಿನ ವಾಸನೆ ಇಲ್ಲ. ಮೊದಲೆಲ್ಲ ಜುಲೈ ಬಂತೆಂದರೆ ಅತ್ತೆಯ ಸೀರೆಗಳಲ್ಲಿ ಆ ವಾಸನೆ ಹತ್ತಿ ಕೂರುತ್ತಿತ್ತು. ನಡೆದರೆ ಈಗ ಟೊಳ್ಳು ಸದ್ದು ಬರುವುದಿಲ್ಲ.

ಕೊರತೆಯೂ ಇದೆ. ಮಳೆಗಾಲದ ಬೆಳಗ್ಗೆ ಕಾಲಿಗೆ ತುಂಬ ತಣ್ಣಗೆ, ಪ್ಲೈ ಅಷ್ಟು ತಣ್ಣಗೆ ಇರಲಿಲ್ಲ. ಮಂಚದ ಬದಿಗೆ ಚಾಪೆ ಹಾಕಿದ್ದೇವೆ. ಎರಡು ಸಂದುಗಳ ಗೆರೆ ವಿನೈಲ್ ಶೀಟಿನ ಮೇಲೆ ಸಣ್ಣಗೆ ಕಾಣಲು ಶುರುವಾಗಿದೆ, ಬೆಳಕು ಓರೆಯಾಗಿ ಬಿದ್ದಾಗ ಗೊತ್ತಾಗುತ್ತದೆ. ಇದರ ಮೇಲೆ ಟೈಲ್ಸ್ ಹಾಕಿದ್ದರೆ ಆ ಗೆರೆಯಲ್ಲೇ ಟೈಲ್ಸ್ ಬಿರಿಯುತ್ತಿತ್ತು. ಹಾಗಾಗಿ ಈ ಬೋರ್ಡಿನ ಮೇಲೆ ಟೈಲ್ಸ್ ಬೇಕೆಂದು ಆಸೆ ಇರುವವರು ಯೋಚಿಸಿ. ಮತ್ತೆ, ಮನೆ ಬಿಚ್ಚಿ ಒಯ್ಯುವ ದಿನ ಬಂದರೆ ಈ ಹಲಗೆಗಳನ್ನು ಅಂಚು ಒಡೆಯದೆ ತೆಗೆಯುವುದು ಕಷ್ಟ, ಒಂಬತ್ತರಲ್ಲಿ ಆರು ಉಳಿದರೂ ಸಂತೋಷ ಎಂದು ಆಚಾರಿಯವರು ಹೇಳಿದ್ದಾರೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ತೂಕಕ್ಕೂ ಅಂಚಿಗೂ. ಕರಾವಳಿಯಲ್ಲಿ, ಗುಡ್ಡೆಯ ಬುಡದಲ್ಲಿ, ತೋಟದ ಬದಿಯಲ್ಲಿ ಇಂಥ ಮನೆ ಮಾಡಿಸುವವರಾದರೆ ಇದನ್ನೇ ಹಾಕಿ ಎನ್ನುತ್ತೇನೆ. ಮಹಡಿಯ ಮೇಲೆ ಕೋಣೆ ಮಾಡುವವರಿಗೆ ಅಡಿಯಿಂದ ತೇವ ಬರುವ ಭಯವಿಲ್ಲ, ಅವರಿಗೆ ಐ.ಎಸ್. 710 ಮೆರೈನ್ ಪ್ಲೈ ಸಾಕು, ಹಗುರವೂ ಆಯಿತು. ವರ್ಕ್‌ಶಾಪಿನವರ ಕೊಟೇಶನ್ನಿನಲ್ಲಿ ನೆಲಕ್ಕೆ ಯಾವ ಬೋರ್ಡ್, ಯಾವ ಐ.ಎಸ್. ನಂಬರ್, ಎಷ್ಟು ದಪ್ಪ, ಅಡಿಯ ಪೈಪಿನ ಅಂತರ ಎಷ್ಟು, ಈ ನಾಲ್ಕನ್ನು ಬರೆಸಿಕೊಂಡ ಮೇಲೆ ಅಡ್ವಾನ್ಸ್ ಕೊಡಿ. ನಮ್ಮ ಕೊಟೇಶನ್ ನಾನು ಆಮೇಲೆ ತೆಗೆದು ನೋಡಿದೆ, ಗೋಡೆಗೆ ಆರು ಸಾಲು ಬರೆದಿದ್ದರು, ನೆಲಕ್ಕೆ "ಫ್ಲೋರಿಂಗ್ ವಿತ್ ಮ್ಯಾಟ್" ಎಂದು ಒಂದೇ ಸಾಲು.

ವಿನೈಲ್ ಶೀಟನ್ನು ಈ ಸಲ ಪೂರ್ತಿ ಅಂಟಿಸಲಿಲ್ಲ, ಗೋಡೆಯ ಬದಿಗಳಲ್ಲಿ ಮಾತ್ರ. ಬಚ್ಚಲ ಬಾಗಿಲ ಹತ್ತಿರದ ಒಂದು ಮೂಲೆಯನ್ನು ಹಾಗೇ ಬಿಟ್ಟಿದ್ದೇವೆ. ಪ್ರತಿ ವರ್ಷ ಮೇ ಕೊನೆಗೆ ಬರುವ ಪತ್ತನಾಜೆ ಕಳೆದ ಮೇಲೆ, ಮಳೆ ಹಿಡಿಯುವ ಮೊದಲು, ಅದನ್ನು ಎತ್ತಿ ಬೋರ್ಡನ್ನು ಕೈಯಿಂದ ಮುಟ್ಟಿ ನೋಡುತ್ತೇನೆ, ದೀಪಾವಳಿಗೆ ಇನ್ನೊಮ್ಮೆ. ಕಳೆದ ದೀಪಾವಳಿಗೆ ನೋಡಿದಾಗ ಸೀಲೆಂಟ್ ಒಂದು ಗೇಣಿನಷ್ಟು ಉದ್ದ ಬಿಟ್ಟಿತ್ತು. ಬೋರ್ಡ್ ಒಣಗಿಯೇ ಇತ್ತು. ಹೊಸ ಸೀಲೆಂಟ್ ತಂದಿಟ್ಟಿದ್ದೇನೆ, ಆಚಾರಿಯವರು ಬರುವ ಭಾನುವಾರ ಬರುತ್ತೇನೆ ಅಂದಿದ್ದಾರೆ.